ಸುಗುಣಕ್ಕನ ತಾಳ ನಿಲ್ಲುವ ತನಕ

ಆಗೆಲ್ಲ ರವಿವಾರಕ್ಕೆ ಅದರದೇ ಒಂದು ವಾಸನೆ ಇತ್ತು. ತಲೆಗೆ ಬಳಿದ ಕೊಬ್ಬರಿ ಎಣ್ಣೆ, ಗಂಜಿ ಹಾಕಿ ಇಸ್ತ್ರಿ ಮಾಡಿದ ಫ್ರಾಕು, ಎಷ್ಟು ತಿಕ್ಕಿ ಜಳಕ ಮಾಡಿದರೂ ಅಪ್ಪನ ಮೈಯಿಂದ ಹೋಗದ ಕಬ್ಬಿಣದ ಕಮಟು, ಮಧ್ಯಾಹ್ನದ ಸಾರಿಗೆಂದು ಅವ್ವ ಹೊತ್ತು ಮೂಡುವ ಮುಂಚೆಯೇ ಅರೆದಿಟ್ಟ ಮಸಾಲೆ. ಇವೆಲ್ಲ ಕೂಡಿದರೆ ನನ್ನ ಪಾಲಿಗೆ ರವಿವಾರ. ವಾರದ ಉಳಿದ ದಿನಗಳಲ್ಲಿ ನಮ್ಮ ಮನೆಯಲ್ಲಿ ಯಾರೂ ಅಷ್ಟು ಚೊಕ್ಕ ಇರುತ್ತಿರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಎಪ್ಪತ್ತರ ದಶಕ ಮುಗಿಯಲು ಬಂದಿದ್ದ ಕಾಲ. ನಾವು ಬೆಳಗಾವಿಯ ಮೂರನೇ ರೈಲ್ವೆ ಗೇಟಿನ ಆಚೆ ಬಾಡಿಗೆ ಮನೆಯಲ್ಲಿದ್ದೆವು. ಅಪ್ಪನಿಗೆ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಕೆಲಸ. ಅವ್ವ ಖಾನಾಪುರದವಳು. ನಮ್ಮದು ಕ್ರೈಸ್ತರ ಮನೆ. ದೀಪಾವಳಿಗೆ ಓಣಿಯವರ ಕರ್ಚಿಕಾಯಿ ನಮ್ಮ ಡಬ್ಬಿ ಸೇರುತ್ತಿದ್ದವು, ಕ್ರಿಸ್ಮಸ್ಸಿಗೆ ನಮ್ಮ ಶಂಕರಪಾಳಿ ಅವರ ಡಬ್ಬಿ ಸೇರುತ್ತಿದ್ದವು. ಯಾರ ಮನೆಯವು ಹೆಚ್ಚು ಕುರುಕಲು ಎಂಬ ವಾದ ಮಾತ್ರ ಎಂದೂ ಮುಗಿಯಲಿಲ್ಲ.

ರವಿವಾರ ಮುಂಜಾನೆ, ದೊಡ್ಡವರ ಆರಾಧನೆಗೆ ಮೊದಲು, ನಮ್ಮ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಮಕ್ಕಳಿಗಾಗಿ ರವಿವಾರದ ಸಾಲೆ ನಡೆಯುತ್ತಿತ್ತು. ಅಲ್ಲಿ ಪಾಟಿ, ಬಳಪದ ಕೆಲಸವಿಲ್ಲ. ಹಾಡು, ಒಂದು ಕಥೆ, ಬಾಯಿಪಾಠ ಮಾಡಬೇಕಾದ ಒಂದು ವಾಕ್ಯ, ಕಡೆಗೆ ಪ್ರಾರ್ಥನೆ. ವಾಕ್ಯವನ್ನು ತಪ್ಪಿಲ್ಲದೆ ಒಪ್ಪಿಸಿದವರಿಗೆ ಅಂಗೈಯಗಲದ ಬಣ್ಣದ ಚಿತ್ರ. ಮಕ್ಕಳನ್ನು ಮೂರು ವರ್ಗ ಮಾಡಿದ್ದರು. ಸಣ್ಣ ಕೂಸುಗಳದು ಹಳದಿ, ನಡುವಿನವರದು ಹಸಿರು, ದೊಡ್ಡವರದು ಕೆಂಪು. ಆಯಾ ಬಣ್ಣದ ರಿಬ್ಬನ್ನಿನ ತುಂಡನ್ನು ಎದೆಗೆ ಪಿನ್ನಿನಿಂದ ಚುಚ್ಚಿಕೊಂಡು ಬರಬೇಕು. ನನ್ನದು ಹಸಿರು. ಅದನ್ನು ಚುಚ್ಚಿಕೊಂಡ ದಿನ ನನಗೆ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ರಿಬ್ಬನ್ನಿನ ಪದ್ಧತಿ ತಂದವರು ಹೊಸದಾಗಿ ಬಂದ ಸುಪರಿಂಟೆಂಡೆಂಟ್ ಸರ್. ದೊಡ್ಡ ಜೈಲಿರುವ ಹಿಂಡಲಗಾದ ಕಡೆಯಿಂದ ಸೈಕಲ್ಲಿನ ಮೇಲೆ ಬರುತ್ತಿದ್ದರು. ಪ್ಯಾಂಟಿನ ತುದಿಗೆ ಕ್ಲಿಪ್ಪು, ಕೈಯಲ್ಲಿ ಗಡಿಯಾರ, ಜೇಬಿನಲ್ಲಿ ಸೀಟಿ. ಕೆಟ್ಟವರಲ್ಲ. ಮಕ್ಕಳಿಗೆ ಪೆಪ್ಪರಮಿಂಟು ಹಂಚುವಾಗ ಮುರಿದದ್ದನ್ನು ತಾವೇ ಇಟ್ಟುಕೊಳ್ಳುತ್ತಿದ್ದರು. ಆದರೆ ಎಲ್ಲವೂ ಅದರದರ ಜಾಗದಲ್ಲಿ ಇರಬೇಕು, ಇಲ್ಲದಿದ್ದರೆ ಅವರಿಗೆ ನಿದ್ದೆ ಬಾರದು. "ಜೈಲಿನ ಬಾಜು ಮನಿ ಮಾಡ್ಯಾರಲ್ಲ, ಅದಕ್ಕ ಹುಡುಗ್ರನ್ನೂ ಸಾಲಹಚ್ಚಿ ನಿಲ್ಲಸ್ತಾರ" ಎಂದು ಅಪ್ಪ ನಗೆಯಾಡುತ್ತಿದ್ದ. ಅವ್ವ ನಗುತ್ತಿರಲಿಲ್ಲ. ಏಕೆಂದರೆ ಆ ಮೂರು ಸಾಲುಗಳಲ್ಲಿ ಒಂದರಲ್ಲೂ ನಮ್ಮ ಸುಗುಣಕ್ಕನಿಗೆ ಜಾಗ ಸಿಗುತ್ತಿರಲಿಲ್ಲ.

ಸುಗುಣಕ್ಕ ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ತೊಟ್ಟಿಲಲ್ಲಿದ್ದಾಗ ಮಿದುಳು ಜ್ವರ ಬಂದು, ಸಾಯುತ್ತದೆ ಎಂದು ಎಲ್ಲರೂ ಕೈಬಿಟ್ಟ ಮೇಲೆ ಉಳಿದುಕೊಂಡ ಕೂಸು. ಉಳಿದುಕೊಂಡಳೇನೋ ಸರಿ, ಒಮ್ಮೊಮ್ಮೆ ಮೂರ್ಛೆ ಬಂದು ಹೋಗುತ್ತಿತ್ತು, ಮಾತು ತಡವಾಗಿ ಬಂತು. ಬಂದದ್ದೂ ಒಂದೊಂದು, ಎರಡೆರಡು ಶಬ್ದ. ಅಕ್ಷರವಂತೂ ಹತ್ತಲೇ ಇಲ್ಲ. ಹಾಗೆಂದು ಏನೂ ತಿಳಿಯದವಳಲ್ಲ. ಅಪ್ಪನ ಸೈಕಲ್ಲಿನ ಸಪ್ಪಳ ಓಣಿಯ ತುದಿಯಲ್ಲಿ ಕೇಳಿದೊಡನೆ ಬಚ್ಚಲಲ್ಲಿ ಬಿಸಿನೀರು ತೋಡಿ ಇಡುತ್ತಿದ್ದಳು. ಚೌಕಾಬಾರ ಆಡುವಾಗ ಕವಡೆ ಎಣಿಸಲು ಬರುತ್ತಿರಲಿಲ್ಲ, ಆದರೆ ನಾನು ಮೋಸ ಮಾಡಿದರೆ ಗಪ್ಪನೆ ಕೈ ಹಿಡಿಯುತ್ತಿದ್ದಳು. ಅದು ಹೇಗೆ ಗೊತ್ತಾಗುತ್ತಿತ್ತೋ ದೇವರೇ ಬಲ್ಲ.

ಸರಕಾರಿ ಸಾಲೆಯವರು ಎರಡನೇ ಇಯತ್ತೆಗೇ ಅವಳನ್ನು ಮನೆಗೆ ಕಳಿಸಿದ್ದರು. ಉಳಿದದ್ದು ರವಿವಾರದ ಸಾಲೆ ಒಂದೇ. ಅದನ್ನು ಬಿಡಬಾರದೆಂದು ಅವ್ವ ಹಟ ಹಿಡಿದಳು. ನಮ್ಮವ್ವನ ಹಟ ಎಂದರೆ ಸುಮ್ಮನೆ ಅಲ್ಲ. ಗಂಡನ ಮನೆಗೆ ಬಂದ ಹೊಸದರಲ್ಲಿ ಅತ್ತೆ ಏನೋ ಅಂದಳೆಂದು ವರ್ಷಾನುಗಟ್ಟಲೆ ಚಹಾಕ್ಕೆ ಸಕ್ಕರೆ ಹಾಕಿಕೊಳ್ಳದವಳು ಅವಳು.

"ಅಕ್ಷರದ ಸಾಲ್ಯಾಗ ಆಕೀಗೆ ಜಾಗ ಇಲ್ಲ ಅಂದ್ರು, ಒಪ್ಪಿಕೊಂಡೆ. ದೇವರ ಸಾಲ್ಯಾಗೂ ಜಾಗ ಇಲ್ಲಂದ್ರ ನನ್ನ ಮಗಳು ಎಲ್ಲಿ ಹೋಗಿ ಕುಂದರಬೇಕು?" ಎಂದು ಅವಳು ಅಪ್ಪನನ್ನು ಕೇಳುತ್ತಿದ್ದಳು. ಅಪ್ಪ ಬೀಡಿ ಹುಡುಕುವ ನೆಪದಲ್ಲಿ ಎದ್ದು ಹೋಗುತ್ತಿದ್ದ.

ವಯಸ್ಸಿನ ಲೆಕ್ಕದಲ್ಲಿ ಸರ್ ಅವಳನ್ನು ಮೊದಲು ಕೆಂಪು ವರ್ಗದಲ್ಲಿ ಕೂರಿಸಿ ನೋಡಿದರು. ರಿಬ್ಬನ್ನು ಕೊಡಲಿಲ್ಲ. "ಮೊದಲ ಹೊಂದಲಿ, ಆಮ್ಯಾಲ ಕೊಡೂಣು" ಎಂದರು. ಅಲ್ಲಿದ್ದವರೆಲ್ಲ ಎರಡು ಜಡೆಯ ಜಾಣೆಯರು. ಎಲ್ಲರೂ ಕೂಡಿ ವಾಕ್ಯ ಹೇಳುವಾಗ ಸುಗುಣಕ್ಕ ಅವರ ಬಾಯಿ ನೋಡಿ ತುಟಿ ಆಡಿಸುತ್ತಿದ್ದಳು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಒಂದು ರವಿವಾರ ಸರ್ ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳಿದರು. ಇವಳ ಪಾಳಿ ಬಂತು. ಎದ್ದು ನಿಂತು, ಲಂಗ ಸರಿ ಮಾಡಿಕೊಂಡು, ತನಗೆ ಚೆನ್ನಾಗಿ ಬರುವ ವಾಕ್ಯವನ್ನೇ ಹೇಳಿದಳು.

"ನಾ ಸುಗುಣಾ."

ಹುಡುಗಿಯರು ಬಿದ್ದು ಬಿದ್ದು ನಕ್ಕರು. ಸರಿಯಾಗಿ ಹೇಳಿದೆನೆಂದು ತಿಳಿದು ಅವಳೂ ನಕ್ಕಳು, ಚಿತ್ರಕ್ಕಾಗಿ ಕೈ ಚಾಚಿದಳು. ನಡುವಿನ ಪರದೆಯ ಸಂದಿಯಿಂದ ನಾನು ಇದನ್ನೆಲ್ಲ ನೋಡುತ್ತಿದ್ದೆ.

ಮುಂದಿನ ವಾರ ಅವಳನ್ನು ಹಳದಿ ವರ್ಗಕ್ಕೆ ಹಾಕಿದರು. ಅಲ್ಲಿ ಸುಗುಣಕ್ಕನಿಗೆ ಸ್ವರ್ಗ. ಎರಡು ತೊಡೆಯ ಮೇಲೆ ಎರಡು ಕೂಸು, ಬೆನ್ನಿಗೊಂದು. ಸಿಂಬಳ ಒರೆಸುವುದೇನು, ಚಪ್ಪಲಿಯ ಬಕ್ಕಲು ಹಾಕುವುದೇನು! ಕೂಸುಗಳೂ ಅವಳನ್ನು ಬಿಡುತ್ತಿರಲಿಲ್ಲ. ಆದರೆ ಅದೇ ಮಳೆಗಾಲ ಅವಳು ದೊಡ್ಡವಳಾದಳು. ಒಂದು ದಿನ ಅವಳ ತೊಡೆಯಿಂದ ಒಂದು ಕೂಸು ಜಾರಿ ಬಿದ್ದು ತುಟಿ ಒಡೆದುಕೊಂಡಿತು. ಕೂಸಿನ ತಾಯಿ ಬಂದು, "ಲಗ್ನದ ವಯಸ್ಸಿಗೆ ಬಂದ ಹುಡುಗಿನ್ನ ಸಣ್ಣ ಹುಡುಗ್ರ ನಡುವ ಕುಂದರಸೂದು ಅಂದ್ರ ಏನ್ರಿ ಇದು?" ಎಂದು ಕೂಗಾಡಿದಳು. ಕೂಸು ಅಳು ನಿಲ್ಲಿಸಿ ಮತ್ತೆ ಸುಗುಣಕ್ಕನ ಕಡೆಗೇ ಕೈ ಚಾಚುತ್ತಿತ್ತು. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಕಡೆಗೆ ನನ್ನ ಹಸಿರು ವರ್ಗ. ನಾನು ಎದ್ದರೆ ಏಳುತ್ತಿದ್ದಳು, ಕೂತರೆ ಕೂರುತ್ತಿದ್ದಳು, ನನಗೆ ಉತ್ತರ ಬಂದರೆ ಚಪ್ಪಾಳೆ ತಟ್ಟುತ್ತಿದ್ದಳು. ನಮಗೆ ಕಲಿಸುತ್ತಿದ್ದ ಅಕ್ಕನವರಿಗೆ ಅದು ಸೇರಲಿಲ್ಲ, ಸರ್ ಹತ್ತಿರ ದೂರು ಒಯ್ದರು.

ಸರ್ ಅವ್ವನನ್ನು ಕರೆದರು. "ನೋಡ್ರಿ, ವಯಸ್ಸು ಕೆಂಪಿಂದು, ಬುದ್ಧಿ ಹಳದೀದು. ಎಲ್ಲಿ ಕುಂದರಸಿದ್ರೂ ಉಳಿದವ್ರಿಗೆ ತ್ರಾಸ. ಒಂದು ಕೆಲಸ ಮಾಡೂಣು. ಆರಾಧನಿ ಮುಗಿದ ಮ್ಯಾಲ ಚಾ ಕೊಡ್ತೀವಲ್ಲ, ಕಪ್ಪು ತೊಳ್ಯಾಕ ಇರಲಿ. ಚೊಲೊ ತೊಳೀತಾಳ."

ಅವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಕಪ್ಪು ಬಸಿ ನಮ್ಮ ಮನ್ಯಾಗೂ ಅದಾವ್ರಿ ಸರ್. ಅವನ್ನ ತೊಳ್ಯಾಕ ನಾ ಆಕಿನ್ನ ಇಷ್ಟ ದೂರ ನಡಸಿಕೊಂಡ ಬರಂಗಿಲ್ಲ."

ಸುಗುಣಕ್ಕ ಪಕ್ಕದಲ್ಲೇ ನಿಂತಿದ್ದಳು. ರಿಬ್ಬನ್ನಿಲ್ಲದ ತನ್ನ ಎದೆಯ ಮೇಲೆ ಬೆರಳಿಟ್ಟು, ನನ್ನ ರಿಬ್ಬನ್ನು ನೋಡಿ, ಸರ್ ಮುಖ ನೋಡಿ ಕೇಳಿದಳು: "ನಂದು?"

ಪ್ರತಿ ರವಿವಾರದ ಅವಳ ಪ್ರಶ್ನೆ ಅದೊಂದೇ. ಸರ್ ಸೀಟಿಯನ್ನು ಜೇಬಿನಿಂದ ತೆಗೆದು ಮತ್ತೆ ಜೇಬಿಗೆ ಹಾಕಿಕೊಂಡರು.

ಆ ಬೇಸಿಗೆಯ ಸೂಟಿಗೆ ಅವ್ವ ನಮ್ಮಿಬ್ಬರನ್ನೂ ಕರೆದುಕೊಂಡು ಖಾನಾಪುರಕ್ಕೆ ಹೊರಟಳು. ಅಲ್ಲಿ ಅವಳ ತಾಯಿ, ನಮ್ಮ ಆಯಿ, ಒಬ್ಬಳೇ ಇದ್ದಳು. ಪ್ಯಾಸೆಂಜರ್ ಗಾಡಿಯ ಕಿಟಕಿಯಲ್ಲಿ ತಲೆ ಹಾಕಿ ಕೂತರೆ ಖಾನಾಪುರ ಬರುವ ಹೊತ್ತಿಗೆ ಕಣ್ಣಲ್ಲಿ ಕಲ್ಲಿದ್ದಲಿನ ಕಣ, ಮುಖ ಕಪ್ಪು. ಸ್ಟೇಶನ್ನಿನ ಹೊರಗೆ ಎಲೆಯ ಪೊಟ್ಟಣದಲ್ಲಿ ಕವಳಿ ಹಣ್ಣು ಮಾರುತ್ತಿದ್ದರು. ತಿಂದರೆ ತುಟಿ ಅಂಟಂಟು, ನಾಲಿಗೆ ನೀಲಿ. ಆಯಿಯ ಮನೆಯ ಹಿತ್ತಲಲ್ಲಿ ಹಲಸು, ಸುಟ್ಟ ಗೇರುಬೀಜದ ಹೊಗೆ. ಮಧ್ಯಾಹ್ನ ಮಲಪ್ರಭೆಯ ಮೊಣಕಾಲುದ್ದದ ನೀರಿನಲ್ಲಿ ನಾವಿಬ್ಬರೂ ಲಂಗ ಎತ್ತಿಕೊಂಡು ನಿಲ್ಲುತ್ತಿದ್ದೆವು. ಮೀನು ಕಾಲಿಗೆ ಮುತ್ತಿದರೆ ಸುಗುಣಕ್ಕ ಉಸಿರು ಬಿಗಿಹಿಡಿದು ಅಲುಗಾಡದೆ ನಿಂತುಬಿಡುತ್ತಿದ್ದಳು, ಮೀನುಗಳು ಹೆದರಬಾರದೆಂದು.

ಖಾನಾಪುರದ ಸಭೆ ಬಹಳ ಸಣ್ಣದು. ಕೆಂಪು ಹಂಚಿನ ಮನೆ, ಮುಂದೊಂದು ಪಡಸಾಲೆ. ಅಲ್ಲಿ ರವಿವಾರದ ಸಾಲೆ ನಡೆಸುತ್ತಿದ್ದವರು ಒಬ್ಬ ಮುದುಕಿ. ಊರೆಲ್ಲ ಅವರನ್ನು ಬಾಯಾರು ಎಂದೇ ಕರೆಯುತ್ತಿತ್ತು. ಮನೆಮಾತು ಮರಾಠಿ, ನಮ್ಮೊಡನೆ ಕನ್ನಡ, ಸಿಟ್ಟು ಬಂದರೆ ಎರಡೂ. ಬಿಳಿ ಸೀರೆ, ಮುಂದಿನ ಹಲ್ಲಿಲ್ಲದ ಬಾಯಿ, ಮೈತುಂಬ ತಪಕೀರಿನ, ಅಂದರೆ ನಶ್ಯದ, ಘಾಟು. ಅಲ್ಲಿ ವರ್ಗಗಳೇ ಇರಲಿಲ್ಲ. ಒಂದು ಹರಕು ಜಮಖಾನೆ, ಅದರ ಮೇಲೆ ಹಾಲುಗಲ್ಲದ ಕೂಸಿನಿಂದ ಹಿಡಿದು ಮೀಸೆ ಚಿಗುರಿದವರ ತನಕ ಎಲ್ಲರೂ. ಕೆಲವರಿಗೆ ಕನ್ನಡ ಬಾರದು, ಕೆಲವರಿಗೆ ಮರಾಠಿ ಬಾರದು. ಬಾಯಾರು ಅರ್ಧ ಕಥೆಯನ್ನು ಇದರಲ್ಲಿ ಹೇಳಿ ಉಳಿದರ್ಧವನ್ನು ಅದರಲ್ಲಿ ಹೇಳುತ್ತಿದ್ದರು. ಮಕ್ಕಳು ಒಬ್ಬರ ಕಿವಿಯಲ್ಲಿ ಒಬ್ಬರು ಹೇಳಿಕೊಂಡು ಪೂರ್ತಿ ಮಾಡಿಕೊಳ್ಳಬೇಕು. ಯಾವಾಗಲೂ ಒಂದು ಗುಜುಗುಜು.

ಮೊದಲ ದಿನ ಸುಗುಣಕ್ಕ ಜಮಖಾನೆಯ ಅಂಚಿನಲ್ಲೇ ನಿಂತಳು, ಕೂರಲಿಲ್ಲ. ಎದೆಯ ಮೇಲೆ ಬೆರಳಿಟ್ಟು ಬಾಯಾರನ್ನು ಕೇಳಿದಳು: "ನಂದು?"

ಬಾಯಾರಿಗೆ ತಿಳಿಯಲಿಲ್ಲ. ಅವ್ವ ರಿಬ್ಬನ್ನಿನ ಕಥೆಯನ್ನೆಲ್ಲ ಹೇಳಿದಳು, ಹೇಳುತ್ತಾ ಕಣ್ಣು ಒರೆಸಿಕೊಂಡಳು. ಬಾಯಾರು ಬೊಚ್ಚು ಬಾಯಿ ತೆರೆದು ನಕ್ಕರು. "ಬಾಳಾ, ಮಗಾ, ಇಲ್ಲಿ ಯಾರಿಗೂ ಇಲ್ಲ. ನೋಡ, ನೀನಽ ನೋಡ."

ಸುಗುಣಕ್ಕ ನಿಜಕ್ಕೂ ನೋಡಿದಳು. ಒಬ್ಬೊಬ್ಬರ ಮುಂದೆಯೂ ಹೋಗಿ, ಬಗ್ಗಿ, ಅವರ ಎದೆ ನೋಡಿದಳು. ಮಕ್ಕಳು ಕಿಸಕಿಸ ಎಂದರೂ ಅಂಗಿ ಎಳೆದು ತೋರಿಸಿದರು. ಎಲ್ಲರನ್ನೂ ನೋಡಿ ಮುಗಿಸಿ ವಾಪಸ್ಸು ಬಂದು ಜಮಖಾನೆಯ ನಟ್ಟನಡುವೆ ಕೂತಳು. ಅಂದಿನಿಂದ ಆ ಪ್ರಶ್ನೆಯನ್ನು ಅವಳು ಖಾನಾಪುರದಲ್ಲಿ ಮತ್ತೆ ಕೇಳಲಿಲ್ಲ.

ಅಲ್ಲಿ ಹಾಡಿಗೆ ಬಾಜಾ ಪೆಟ್ಟಿಗೆ ಇರಲಿಲ್ಲ. ಭಜನೆಯವರು ಬಾರಿಸುವಂಥ ಒಂದು ಜೊತೆ ಹಿತ್ತಾಳೆಯ ತಾಳ, ಅಷ್ಟೇ. ಬಾಯಾರು ಅದನ್ನು ಸುಗುಣಕ್ಕನ ಕೈಗೆ ಕೊಟ್ಟರು. ಅವಳೇನು ಚೆಂದ ಬಾರಿಸುತ್ತಿದ್ದಳು ಎಂದುಕೊಳ್ಳಬೇಡಿ. ಹಾಡು ಒಂದು ದಾರಿ ಹಿಡಿದರೆ ತಾಳ ಇನ್ನೊಂದು ದಾರಿ. ಹಾಡು ಮುಗಿದರೂ ಅವಳದು ಮುಗಿಯುತ್ತಿರಲಿಲ್ಲ. ಕಣ್ಣು ಮುಚ್ಚಿ, ತಲೆ ಒಂದು ಬದಿಗೆ ವಾಲಿಸಿ, ಟಿಣ್ ಟಿಣ್ ಎಂದು ಬಾರಿಸುತ್ತಲೇ ಇರುತ್ತಿದ್ದಳು. ಮೊದಲ ದಿನ ಒಬ್ಬ ಹುಡುಗ ಅವಳ ಕೈ ಹಿಡಿಯಲು ಹೋದ. ಬಾಯಾರು ಕೈಯೆತ್ತಿ ತಡೆದರು.

"ಥಾಂಬಾ" ಎಂದರು. ನಿಲ್ಲಿರಿ ಎಂದು. "ಆಕಿದು ಇನ್ನ ಮುಗದಿಲ್ಲ. ಮುಗೀಲಿ, ಆಮ್ಯಾಲ ಪ್ರಾರ್ಥನಿ."

ಎಲ್ಲರೂ ಕಾದರು. ಹೊರಗೆ ಕೋಳಿ ಕೆದರುವುದು ಕೇಳುತ್ತಿತ್ತು. ತಾಳ ನಿಧಾನವಾಯಿತು, ಇನ್ನೂ ನಿಧಾನವಾಯಿತು, ನಿಂತಿತು. ಸುಗುಣಕ್ಕ ಕಣ್ಣು ತೆರೆದು, ಎಲ್ಲರೂ ತನ್ನನ್ನೇ ನೋಡುತ್ತಿರುವುದನ್ನು ಕಂಡು, ಗತ್ತಿನಿಂದ ತಲೆ ಆಡಿಸಿದಳು. ಬಾಯಾರು ಕೈ ಇಳಿಸಿ ಕಣ್ಣು ಮುಚ್ಚಿದರು. ಆ ಬೇಸಿಗೆಯ ಮುಂದಿನ ರವಿವಾರಗಳಲ್ಲಿ ಅದೇ ರೂಢಿಯಾಯಿತು. ಹಾಡು ಮುಗಿದ ಮೇಲೆ ಸುಗುಣಕ್ಕನ ತಾಳ ನಿಲ್ಲುವ ತನಕ ಖಾನಾಪುರದಲ್ಲಿ ಪ್ರಾರ್ಥನೆ ಇಲ್ಲ. ಯಾರಿಗೂ ಅದರಿಂದ ತ್ರಾಸವಾದದ್ದು ನಾನು ಕಾಣೆ.

ಸೂಟಿ ಮುಗಿಯಿತು. ಕರೆದೊಯ್ಯಲು ಅಪ್ಪ ಬಂದ. ಅವ್ವ ಹಲಸಿನ ತೊಳೆ ಬಿಡಿಸುತ್ತಾ, ಮುಖ ಎತ್ತದೆ ಹೇಳಿದಳು: "ಸುಗುಣಾ ಇಲ್ಲೇ ಇರ್ಲಿ. ನಮ್ಮವ್ವನ ಹಂತ್ಯಾಕ."

ಅಪ್ಪನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಎಂದೂ ಕೇಳದ ದನಿಯಲ್ಲಿ ಕೂಗಿದ. "ಹುಚ್ಚ ಹಿಡದೈತೇನ ನಿನಗ? ಮಗಳನ್ನ ಸಾಲಿಗೆ ಹಾಕತೀನಂತ ಹೊಂಟಾಕಿ ಮಗಳನ್ನಽ ಬಿಟ್ಟ ಬರೂದೇನ? ವಾರಕ್ಕೊಂದ ತಾಸಿನ ಸಾಲಿ ಅದು!"

"ಆ ಒಂದ ತಾಸಿಗಾಗಿ ಆಕಿ ವಾರೆಲ್ಲಾ ಕಾಯ್ತಾಳ, ನಿಮಗ ಕಾಣೂದಿಲ್ಲೇನ್ರಿ?" ಎಂದಳು ಅವ್ವ. ಕೈ ತುಂಬ ಹಲಸಿನ ಅಂಟು ಇತ್ತು, ಕಣ್ಣು ಒರೆಸಿಕೊಳ್ಳಲೂ ಬರುವಂತಿರಲಿಲ್ಲ. "ಅಲ್ಲಿ ಐತವಾರ ಬಂತಂದ್ರ ಆಕಿ ಮಾರಿ ಹೆಂಗ ಆಗತೈತಿ, ಇಲ್ಲಿ ಹೆಂಗ ಆಗತೈತಿ, ಒಮ್ಮೆರೆ ನೋಡೀರೇನ? ನನಗೇನ ಸುಖ ಅಂತ ಮಾಡೀರಿ?"

ಆಯಿ ಒಳಗಿನಿಂದ, "ನನ್ನ ಕೈ ಕಾಲು ಗಟ್ಟಿ ಅದಾವ, ಇರ್ಲಿ ಬಿಡ್ರಿ ಅಳ್ಯಾ" ಎಂದಳು. ಅಪ್ಪ ಅಂದು ಊಟ ಮಾಡಲಿಲ್ಲ.

ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಬೇಡ ಎನ್ನುತ್ತಿದ್ದೆ, ನೆಲಕ್ಕೆ ಬಿದ್ದು ಹೊರಳಾಡುತ್ತಿದ್ದೆ. ನಾನು ಹುಟ್ಟಿದಾಗಿನಿಂದ ನಾವಿಬ್ಬರೂ ಒಂದೇ ಕೌದಿಯಲ್ಲಿ ಮಲಗಿದವರು.

ಸ್ಟೇಶನ್ನಿನಲ್ಲಿ ಗಾಡಿ ಬಂತು. ಸುಗುಣಕ್ಕ ಆಯಿಯ ಸೆರಗು ಹಿಡಿದು ನಿಂತಿದ್ದಳು. ನಾವು ಹತ್ತಿದೆವು, ಅವಳು ಹತ್ತಲಿಲ್ಲ. ಅದರಲ್ಲೇನೂ ವಿಶೇಷವಿದೆ ಎಂದು ಅವಳಿಗೆ ಅನಿಸಿದಂತೆ ಕಾಣಲಿಲ್ಲ. ಕಿಟಕಿಯ ಸರಳಿನ ಮೇಲಿದ್ದ ನನ್ನ ಬೆರಳುಗಳನ್ನು ಹಿಡಿದುಕೊಂಡು, "ಐತವಾರ ಬಾ" ಎಂದಳು.

"ಹೂಂ, ಐತವಾರ" ಎಂದು ಅವ್ವ ಹೇಳಿ, ಬೇಗನೆ ಆ ಕಡೆಯ ಕಿಟಕಿಗೆ ಮುಖ ತಿರುಗಿಸಿದಳು. ಬೆಳಗಾವಿ ಬರುವ ತನಕ ಅವಳು ಈ ಕಡೆ ತಿರುಗಲಿಲ್ಲ. ಅಪ್ಪ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ. ನಾನು ತೊಡೆಯ ಮೇಲೆ ಕೂರುವ ವಯಸ್ಸಿನವಳೇನೂ ಆಗಿರಲಿಲ್ಲ.

ಮನೆಗೆ ಬಂದರೆ ಚೌಕಾಬಾರಕ್ಕೆ ಜೊತೆ ಇಲ್ಲ. ಅಪ್ಪನ ಸೈಕಲ್ಲಿನ ಸಪ್ಪಳ ಕೇಳಿ ನಾನು ಬಿಸಿನೀರು ತೋಡಲು ಓಡಿದರೆ ಅಪ್ಪ ಆಗಲೇ ಬಾಗಿಲಲ್ಲಿರುತ್ತಿದ್ದ. ಅವಳ ಕಿವಿ ನನಗೆಲ್ಲಿಂದ ಬರಬೇಕು? ಪ್ರತಿ ರವಿವಾರ ಖಾನಾಪುರಕ್ಕೆ ಹೋಗಲಾಗುತ್ತಿರಲಿಲ್ಲ, ಆದರೆ ಬಹಳ ದಿನ ಬಿಡುತ್ತಲೂ ಇರಲಿಲ್ಲ. ಹೋದಾಗಲೆಲ್ಲ ಸುಗುಣಕ್ಕ ಸ್ವಲ್ಪ ದಪ್ಪಗಾಗಿ, ಮಾತು ಒಂದೆರಡು ಹೆಚ್ಚಾಗಿ, ಜಮಖಾನೆಯ ನಡುವೆ ಯಜಮಾನಿಯ ಹಾಗೆ ಕೂತಿರುತ್ತಿದ್ದಳು. ಅದನ್ನು ನೋಡಿ ಅವ್ವನಿಗೆ ನಗು ಬರುತ್ತಿತ್ತು, ಗಾಡಿ ಹತ್ತಿದ ಮೇಲೆ ಅಳು ಬರುತ್ತಿತ್ತು.

ಹೀಗೇ ಇದ್ದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲವೇನೋ.

ಆ ವರ್ಷ ಕ್ರಿಸ್ಮಸ್ಸಿನ ಮಕ್ಕಳ ಕಾರ್ಯಕ್ರಮಕ್ಕೆ ಸುತ್ತಲಿನ ಸಣ್ಣ ಸಭೆಗಳ ಮಕ್ಕಳನ್ನೂ ಬೆಳಗಾವಿಗೆ ಕರೆದರು. ಖಾನಾಪುರದವರು ಪ್ಯಾಸೆಂಜರ್ ಗಾಡಿಗೆ ಬಂದಿಳಿದರು, ಮುಂದೆ ಬಾಯಾರು, ಅವರ ಕೈ ಹಿಡಿದು ಸುಗುಣಕ್ಕ. ಹೊಸ ಪೋಲಕಾ, ಹೊಸ ಲಂಗ, ಜಡೆಗೆ ಅಬ್ಬಲಿಗೆ. ನಮ್ಮ ಸಭೆ ಬಣ್ಣದ ಕಾಗದದ ಪರಪರೆ, ತೋರಣಗಳಿಂದ ತುಂಬಿತ್ತು, ಮೇಣದಬತ್ತಿಯ ವಾಸನೆ, ಕಾಲಿಡಲು ಜಾಗವಿಲ್ಲದಷ್ಟು ಜನ. ಮುಂದಿನ ಕುರ್ಚಿಗಳಲ್ಲಿ ಹೊರಗಿನಿಂದ ಬಂದ ಅತಿಥಿಗಳು. ನಾವೆಲ್ಲ ಹಳದಿ, ಹಸಿರು, ಕೆಂಪು ಸಾಲಾಗಿ ನಿಂತಿದ್ದೆವು. ಖಾನಾಪುರದವರ ಎದೆಯ ಮೇಲೆ ಏನೂ ಇರಲಿಲ್ಲ. ಸುಗುಣಕ್ಕ ನನ್ನ ರಿಬ್ಬನ್ನು ನೋಡಿದಳು, ತನ್ನ ಜೊತೆಯವರ ಎದೆ ನೋಡಿದಳು, ನನಗೆ ನಕ್ಕಳು. ಏನೂ ಕೇಳಲಿಲ್ಲ.

ಅವರು ಹಾಡಿದರು. ಚೆನ್ನಾಗಿಯೇ ಹಾಡಿದರು. ಹಾಡು ಮುಗಿಯಿತು. ಟಿಣ್, ಟಿಣ್, ಟಿಣ್. ಸುಗುಣಕ್ಕ ಕಣ್ಣು ಮುಚ್ಚಿ ಬಾರಿಸುತ್ತಲೇ ಇದ್ದಳು. ಖಾನಾಪುರದ ಮಕ್ಕಳು ಕೈಕಟ್ಟಿ ಸುಮ್ಮನೆ ನಿಂತರು, ಅವರಿಗೆ ಗೊತ್ತಿತ್ತು. ಬಾಯಾರು ಎಲ್ಲರಿಗೂ ಕಾಣುವ ಹಾಗೆ ಕೈಯೆತ್ತಿ, "ಥಾಂಬಾ" ಎಂದರು. ಏಕೆ ಕಾಯಬೇಕೆಂದು ಇಲ್ಲಿ ಯಾರಿಗೂ ತಿಳಿಯಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಗು ಮುಂದಿನ ತನಕ ಹರಿದು ಬಂತು. ಅತಿಥಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸರ್ ಗಡಿಯಾರ ನೋಡಿದರು, ಇನ್ನೂ ನಾಲ್ಕಾರು ಕಾರ್ಯಕ್ರಮ ಉಳಿದಿದ್ದವು. ವೇದಿಕೆ ಹತ್ತಿ, ನಗುತ್ತಲೇ, "ಸಾಕವ್ವ ಸಾಕು, ಚೊಲೊ ಬಾರಿಸಿದಿ" ಎನ್ನುತ್ತಾ ಅವಳ ಕೈಯಿಂದ ತಾಳ ತೆಗೆದುಕೊಂಡರು. ಕಸಿದುಕೊಳ್ಳಲಿಲ್ಲ, ಮೆಲ್ಲಗೆ ತೆಗೆದುಕೊಂಡರು. ಚಪ್ಪಾಳೆ ಬಿತ್ತು. ಪ್ರಾರ್ಥನೆ ಆರಂಭವಾಯಿತು.

ಎಲ್ಲರೂ ಕಣ್ಣು ಮುಚ್ಚಿದರು. ನಾನು ಮುಚ್ಚಲಿಲ್ಲ. ಸುಗುಣಕ್ಕನ ಎರಡೂ ಕೈಗಳು ತಾಳ ಹಿಡಿದ ಭಂಗಿಯಲ್ಲೇ ಎದೆಯ ಮುಂದೆ ನಿಂತಿದ್ದವು. ಅವಳು ಆ ಖಾಲಿ ಕೈಗಳನ್ನು ನೋಡಿಕೊಳ್ಳುತ್ತಿದ್ದಳು. ಬಾಯಾರೂ ಕಣ್ಣು ಮುಚ್ಚಿರಲಿಲ್ಲ. ಅವ್ವ ಎಲ್ಲಿದ್ದಾಳೆಂದು ಹುಡುಕಿದೆ. ಹಿಂದಿನ ಕಂಬದ ಹತ್ತಿರ ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದಳು.

ಕಾರ್ಯಕ್ರಮ ಮುಗಿದ ಮೇಲೆ ಬಾಯಾರು ಮೇಜಿನ ಮೇಲಿದ್ದ ತಾಳವನ್ನು ಎತ್ತಿ ಚೀಲಕ್ಕೆ ಹಾಕಿಕೊಂಡರು. ಸರ್ ಬಳಿ ಬಂದು, "ಅತಿಥಿಗಳು ಕುಂತಿದ್ರಲ್ರಿ ಬಾಯಾರ, ಏನ್ ಮಾಡೂದು" ಎಂದರು.

"ಹೌದ್ರಿ ಸರ್" ಎಂದರು ಬಾಯಾರು. "ಆಕೀನೂ ಇವತ್ತ ನಿಮ್ಮಲ್ಲಿಗೆ ಅತಿಥಿ ಆಗೇ ಬಂದಿದ್ಲು."

ಖಾನಾಪುರಕ್ಕೆ ಮರಳಿದ ಮೇಲೆ ಸುಗುಣಕ್ಕ ತಿಂಗಳುಗಟ್ಟಲೆ ತಾಳ ಮುಟ್ಟಲಿಲ್ಲ. ರವಿವಾರ ಜಮಖಾನೆಗೆ ಬಂದು ಕೂರುತ್ತಿದ್ದಳು, ಆದರೆ ಅಂಚಿನಲ್ಲಿ. ಬಾಯಾರು ಪ್ರತಿ ಸಲ ತಾಳವನ್ನು ಅವಳ ಮುಂದೆ ಇಡುತ್ತಿದ್ದರು, ಅವಳು ಕೈಗಳನ್ನು ಲಂಗದ ಮಡಿಕೆಯಲ್ಲಿ ಅಡಗಿಸಿಕೊಳ್ಳುತ್ತಿದ್ದಳು. ಹಾಡು ಮುಗಿದ ಮೇಲೆ ಬಾಯಾರು ಹಳೆಯ ರೂಢಿಯಂತೆ ಸ್ವಲ್ಪ ಹೊತ್ತು ಕೈಯೆತ್ತಿ ಕಾಯುತ್ತಿದ್ದರು. ತಾಳ ನೆಲದ ಮೇಲೆ ಬಿದ್ದಿರುತ್ತಿತ್ತು. "ಇವತ್ತಲ್ಲಂದ್ರ ಬರೂ ಐತವಾರ" ಎಂದು ಅವ್ವನಿಗೆ ಧೈರ್ಯ ಹೇಳುತ್ತಿದ್ದರು.

ಅಪ್ಪ ಪಟ್ಟು ಹಿಡಿದ. "ಯಾವ ಸಾಲೀನೂ ಬ್ಯಾಡ. ನನ್ನ ಮಗಳು ನನ್ನ ಮನ್ಯಾಗ ಇರ್ಲಿ." ಅವ್ವ ಈ ಸಲ ಎದುರಾಡಲಿಲ್ಲ. ಮಳೆಗಾಲ ಸ್ವಲ್ಪ ಇಳಿದ ಮೇಲೆ ಕರೆತರುವುದೆಂದು ಮಾತಾಯಿತು. ನಾನು ಕೌದಿಯನ್ನು ಬಿಸಿಲು ಬಿದ್ದಾಗಲೆಲ್ಲ ಹೊರಗೆ ಹಾಕಿ ಒಳಗೆ ತರುತ್ತಿದ್ದೆ.

ಮಳೆ ಇಳಿಯುವ ಮುಂಚೆಯೇ ಆಯಿಯ ಓಣಿಯವನೊಬ್ಬ ತೊಯ್ದು ತೊಪ್ಪೆಯಾಗಿ ನಮ್ಮ ಬಾಗಿಲಿಗೆ ಬಂದ. ಮುಂಜಾನೆ ಸುಗುಣಕ್ಕನಿಗೆ ಮೂರ್ಛೆ ಬಂತಂತೆ. ಸಣ್ಣಂದಿನಲ್ಲೂ ಒಮ್ಮೊಮ್ಮೆ ಬರುತ್ತಿತ್ತು, ಬಂದು ಹೋಗುತ್ತಿತ್ತು. ಈ ಸಲ ಹೋಗಲಿಲ್ಲ. ನಾವು ಖಾನಾಪುರ ಮುಟ್ಟುವ ಹೊತ್ತಿಗೆ ಅವಳಿಗೆ ಅದೇ ಹೊಸ ಪೋಲಕಾ ತೊಡಿಸಿ ಮಲಗಿಸಿದ್ದರು. ನಿದ್ದೆಯಲ್ಲಿ ಇರುತ್ತಿದ್ದ ಹಾಗೆಯೇ ತಲೆ ಒಂದು ಬದಿಗೆ ವಾಲಿತ್ತು. ಅಪ್ಪ ಅವಳ ಪಾದಗಳನ್ನು ಹಿಡಿದುಕೊಂಡು ಕೂತವನು ಎಬ್ಬಿಸಿದರೂ ಏಳಲಿಲ್ಲ.

"ಹ್ವಾದ ಐತವಾರ ತಾಳ ಕೈಯಾಗ ತಗೊಂಡಿದ್ಲು" ಎಂದು ಆಯಿ ಅವ್ವನಿಗೆ ಹೇಳಿದಳು. "ಬಾರಿಸಲಿಲ್ಲ. ಬರೇ ಹಿಡಕೊಂಡ ಕುಂತಿದ್ಲು." ಅವ್ವ ಆ ಮಾತನ್ನು ಮತ್ತೆ ಮತ್ತೆ ಹೇಳಿಸಿಕೊಂಡಳು.

ಖಾನಾಪುರದ ನಮ್ಮ ಸ್ಮಶಾನ ಒಂದು ಸಣ್ಣ ದಿಬ್ಬ. ಜಿಟಿಜಿಟಿ ಮಳೆ, ಕೆಂಪು ರಾಡಿ. ರವಿವಾರದ ಸಾಲೆಯ ಮಕ್ಕಳೆಲ್ಲ ತಲೆಗೆ ಗೊಂಗಡಿ, ಪ್ಲಾಸ್ಟಿಕ್ಕು ಹಾಕಿಕೊಂಡು ಬಂದಿದ್ದರು. ಮಣ್ಣು ಮುಚ್ಚಿದ ಮೇಲೆ ಬಾಯಾರು ಚೀಲದಿಂದ ತಾಳ ತೆಗೆದು ಮಣ್ಣಿನ ಮೇಲೆ ಇಟ್ಟರು. ಮಕ್ಕಳು ಅದೇ ಹಾಡು ಹಾಡಿದರು, ಅರ್ಧ ಮರಾಠಿ, ಅರ್ಧ ಕನ್ನಡ. ಹಾಡು ಮುಗಿಯಿತು. ಸಭೆಯ ಪಾಸ್ಟರರು ಪ್ರಾರ್ಥನೆಗೆಂದು ಬಾಯಿ ತೆರೆದರು.

ಬಾಯಾರು ಕೈಯೆತ್ತಿದರು. "ಥಾಂಬಾ."

ಪಾಸ್ಟರರು ನಿಂತರು. ಮಕ್ಕಳು ಕೈಕಟ್ಟಿ ನಿಂತರು, ಪ್ರತಿ ರವಿವಾರ ಕಾಯುತ್ತಿದ್ದ ಹಾಗೆಯೇ. ದೊಡ್ಡವರೂ ನಿಂತರು. ಮಳೆಯ ಹನಿ ತಾಳದ ಮೇಲೆ ಬೀಳುತ್ತಿತ್ತು, ಅದರಿಂದ ಸಪ್ಪಳವೇನೂ ಬರುತ್ತಿರಲಿಲ್ಲ. ಎಷ್ಟು ಹೊತ್ತು ನಿಂತಿದ್ದೆವೋ ನನಗೆ ಗೊತ್ತಿಲ್ಲ. ಬಾಯಾರು ಎತ್ತಿದ ಕೈ ಇಳಿಸಲಿಲ್ಲ. ಕಡೆಗೆ ಅವ್ವನೇ ಹೋಗಿ ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಕೆಳಗಿಳಿಸಿದಳು. "ಮುಗೀತ್ರಿ ಬಾಯಾರ" ಎಂದಳು. "ಆಕಿದು ಮುಗೀತು." ಆಮೇಲೆ ಪ್ರಾರ್ಥನೆಯಾಯಿತು.

ಈಗ ಮೂರನೇ ಗೇಟಿನ ಆಚೆಯ ನಮ್ಮ ಆ ಮನೆ ಇಲ್ಲ. ಬಾಯಾರಿಲ್ಲ, ಆಯಿ ಇಲ್ಲ. ಖಾನಾಪುರದ ಪಡಸಾಲೆಗೆ ಬಿಳಿ ಫರಸಿಕಲ್ಲಿನ ನೆಲ ಬಂದಿದೆ, ಜಮಖಾನೆಯ ಜಾಗದಲ್ಲಿ ಪ್ಲಾಸ್ಟಿಕ್ಕಿನ ಕುರ್ಚಿ. ಬೆಳಗಾವಿಯ ಸಭೆಯಲ್ಲಿ ಸುಗುಣಕ್ಕನಂಥ ಮಕ್ಕಳಿಗೆಂದೇ ಬೇರೆ ಕೋಣೆ ಇದೆ, ಬಣ್ಣದ ಆಟಿಗೆಗಳಿವೆ, ಕಲಿತು ಬಂದ ಟೀಚರಿದ್ದಾರೆ. ನೋಡಿ ಸಂತೋಷವಾಗುತ್ತದೆ, ಸುಳ್ಳೇಕೆ ಹೇಳಲಿ. ಅವ್ವ ಇದ್ದಾಗ ಒಮ್ಮೆ ಕರೆದೊಯ್ದು ತೋರಿಸಿದ್ದೆ. ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿ, "ಚೊಲೊ ಐತಿ. ಬಾಗಲಾ ಯಾಕ ಮುಚ್ಚತಾರ?" ಎಂದು ಕೇಳಿದಳು.

ಈಗ ಹಾಡು ದೊಡ್ಡ ಸ್ಪೀಕರಿನಲ್ಲಿ ಬರುತ್ತದೆ, ಗಿಟಾರು, ಡ್ರಮ್ಮು ಎಲ್ಲ ಇವೆ. ಎಲ್ಲವೂ ಒಂದೇ ಏಟಿಗೆ ನಿಲ್ಲುತ್ತವೆ, ನಿಂತ ಕೂಡಲೇ ಪ್ರಾರ್ಥನೆ ಶುರು. ನಡುವೆ ಒಂದು ಉಸಿರಿನಷ್ಟೂ ಜಾಗ ಇರುವುದಿಲ್ಲ. ಅವ್ವ ಇದ್ದಷ್ಟು ದಿನ ಆ ಗಳಿಗೆಯಲ್ಲಿ ನನ್ನ ಕೈ ಗಟ್ಟಿಯಾಗಿ ಹಿಡಿಯುತ್ತಿದ್ದಳು. ಈಗ ಅವಳೂ ಇಲ್ಲ. ಎಲ್ಲರೂ ತಲೆ ಬಾಗಿಸಿದಾಗ ಕಣ್ಣು ತೆರೆದುಕೊಂಡು ನಿಲ್ಲುವವಳು ನಾನೊಬ್ಬಳೇ. ಅವರು ಆಮೆನ್ ಎಂದು ಮುಗಿಸಿ ಕೂತರೂ ನಾನಿನ್ನೂ ಕಾಯುತ್ತಿರುತ್ತೇನೆ.